ಮೋಟಾರ್‌ಸೈಕಲ್ ಫ್ಯುಯಲ್ ಇಂಜೆಕ್ಷನ್‌ನ ಸ್ವಯಂಚಾಲಿತ ಹೊಂದಾಣಿಕೆ

ಸ್ವಯಂಚಾಲಿತ ಗಾಳಿ-ಇಂಧನ ಹೊಂದಾಣಿಕೆ ಎಂಬುದು ಫ್ಯುಯಲ್ ಇಂಜೆಕ್ಷನ್ ಹೊಂದಿರುವ ಮೋಟಾರ್‌ಸೈಕಲ್‌ಗಳಲ್ಲಿ, ಎಂಜಿನ್ ಹೊರಬಿಡುವ ಅನಿಲದಲ್ಲಿನ ಆಮ್ಲಜನಕವನ್ನು ಅಳೆದು, ಅದಕ್ಕೆ ತಕ್ಕಂತೆ ಪೆಟ್ರೋಲಿನ ಪೂರೈಕೆಯನ್ನು ವಾಹನ ಓಡುತ್ತಿರುವಾಗಲೇ ತಿದ್ದುವ ವಿಧಾನ. ಸೈಲೆನ್ಸರ್, ಏರ್ ಫಿಲ್ಟರ್ ಅಥವಾ ಕ್ಯಾಮ್‌ಶಾಫ್ಟ್ ಬದಲಾಯಿಸಿದ ವಾಹನಗಳಲ್ಲಿ ಇದರ ಬಳಕೆ ಹೆಚ್ಚು. ಡೈನೋಜೆಟ್ ಸಂಸ್ಥೆಯ ಪವರ್ ಕಮಾಂಡರ್‌ಗೆ ಜೋಡಿಸುವ ಆಟೋ ಟ್ಯೂನ್ ಹಾಗೂ ಹಾರ್ಲೆ-ಡೇವಿಡ್‌ಸನ್ ವಾಹನಗಳಿಗಾಗಿ ತಯಾರಾದ ಥಂಡರ್‌ಮ್ಯಾಕ್ಸ್ ಇದರ ಪರಿಚಿತ ಉದಾಹರಣೆಗಳು. ‘ಸ್ವಯಂಚಾಲಿತ’ ಎಂಬ ವಿಶೇಷಣ ಇಲ್ಲಿ ಅರ್ಧ ಮಾತ್ರ ಸರಿ. ಎಂಜಿನ್‌ಗೆ ಯಾವ ಅನುಪಾತ ಬೇಕೆಂಬುದನ್ನು ಮನುಷ್ಯನೇ ನಿಗದಿಪಡಿಸಬೇಕು; ಸಂವೇದಕ ಹೇಳಿದ್ದನ್ನು ನಂಬಿ ಆ ಗುರಿಯತ್ತ ಸಾಗುವುದಷ್ಟೇ ಯಂತ್ರದ ಕೆಲಸ.

ಹಿನ್ನೆಲೆ

ಕಾರ್ಬ್ಯುರೇಟರ್ ಕಾಲದಲ್ಲಿ ಜೆಟ್ ಮತ್ತು ಸೂಜಿಗಳನ್ನು ಬದಲಿಸಿ, ಸ್ಪಾರ್ಕ್ ಪ್ಲಗ್‌ನ ಬಣ್ಣ ನೋಡಿ ಮಿಶ್ರಣವನ್ನು ಸರಿಪಡಿಸಲಾಗುತ್ತಿತ್ತು. ವಿದ್ಯುನ್ಮಾನ ಇಂಜೆಕ್ಷನ್ ಮೋಟಾರ್‌ಸೈಕಲ್‌ಗೆ ಬಂದದ್ದು 1980ರ ಸುಮಾರಿಗೆ. ಆ ವರ್ಷದ ಕವಾಸಾಕಿ ಝಡ್1000 ಮಾದರಿಯೊಂದರಲ್ಲಿ ಅದು ಇತ್ತು. 1982ರಲ್ಲಿ ಹೋಂಡಾ ಸಿಎಕ್ಸ್500 ಟರ್ಬೋ, 1983ರಲ್ಲಿ ಬಿಎಂಡಬ್ಲ್ಯೂ ಕೆ100 ಬಂದವು. ಹಾರ್ಲೆ-ಡೇವಿಡ್‌ಸನ್ 1995ರಲ್ಲಿ ಇಂಜೆಕ್ಷನ್ ಆರಂಭಿಸಿ, 2007ರ ಹೊತ್ತಿಗೆ ತನ್ನ ಎಲ್ಲ ಮಾದರಿಗಳಿಗೂ ವಿಸ್ತರಿಸಿತು.

ಭಾರತದಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್ಐ (2006) ಮತ್ತು ಬಜಾಜ್ ಪಲ್ಸರ್ 220 ಡಿಟಿಎಸ್-ಎಫ್ಐ (2007) ಆರಂಭದ ಮಾದರಿಗಳು. ಪಲ್ಸರ್ 220 ಎರಡೇ ವರ್ಷಗಳಲ್ಲಿ ಕಾರ್ಬ್ಯುರೇಟರ್‌ಗೆ ಮರಳಿತೆಂಬುದು, ಬೆಲೆ ಮತ್ತು ದುರಸ್ತಿಯ ಸೌಲಭ್ಯ ಆಗ ಎಷ್ಟು ಮುಖ್ಯವಾಗಿದ್ದವೆಂದು ಸೂಚಿಸುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಬಳಿಕ ಇಲ್ಲಿನ ಬಹುತೇಕ ದ್ವಿಚಕ್ರ ವಾಹನಗಳು ಇಂಜೆಕ್ಷನ್‌ಗೆ ಬದಲಾದವು.

ಗಾಳಿ-ಇಂಧನ ಅನುಪಾತ

ಒಂದು ಗ್ರಾಂ ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಇದಕ್ಕಿಂತ ಪೆಟ್ರೋಲು ಹೆಚ್ಚಿದ್ದರೆ ಮಿಶ್ರಣವನ್ನು ‘ರಿಚ್’ ಎಂದೂ, ಕಡಿಮೆಯಿದ್ದರೆ ‘ಲೀನ್’ ಎಂದೂ ಮೆಕ್ಯಾನಿಕ್‌ಗಳು ಕರೆಯುತ್ತಾರೆ. ವಾಸ್ತವ ಅನುಪಾತವನ್ನು ಈ ಆದರ್ಶ ಅನುಪಾತದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಗೆ ಲ್ಯಾಮ್ಡಾ ಎಂದು ಹೆಸರು. ಲ್ಯಾಮ್ಡಾ 1 ಇದ್ದಾಗ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಗರಿಷ್ಠ ಶಕ್ತಿ ಸಿಗುವುದು ಸ್ವಲ್ಪ ರಿಚ್ ಆದ, ಸುಮಾರು 13:1ರ ಆಸುಪಾಸಿನಲ್ಲಿ. ಭಾರ ಎಳೆಯುವಾಗ ಮಿಶ್ರಣ ಲೀನ್ ಆದರೆ ದಹನ ಕೋಣೆಯ ಶಾಖ ಏರಿ, ನಾಕಿಂಗ್ ಉಂಟಾಗಿ ಪಿಸ್ಟನ್‌ಗೆ ಹಾನಿಯಾಗಬಹುದು. ಅತಿಯಾಗಿ ರಿಚ್ ಆದರೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆಯನ್ನು ಪೆಟ್ರೋಲು ತೊಳೆದುಬಿಡುತ್ತದೆ, ಕನ್ವರ್ಟರ್ ಮಿತಿಮೀರಿ ಕಾಯುತ್ತದೆ.

ಸಂವೇದಕಗಳು

ಬಾಷ್ ಸಂಸ್ಥೆಯ ಲ್ಯಾಮ್ಡಾ ಸಂವೇದಕ 1976ರಲ್ಲಿ ಮೊದಲು ವೋಲ್ವೋ ಕಾರುಗಳಲ್ಲಿ ಬಳಕೆಗೆ ಬಂದಿತು. ಕಾರ್ಖಾನೆಯಿಂದ ಬರುವ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ ಜಾತಿಯ ‘ನ್ಯಾರೋಬ್ಯಾಂಡ್’ ಸಂವೇದಕ. ರಿಚ್ ಇದ್ದಾಗ ಸುಮಾರು 0.9 ವೋಲ್ಟ್, ಲೀನ್ ಇದ್ದಾಗ ಸುಮಾರು 0.1 ವೋಲ್ಟ್ ತೋರಿಸುವ ಇದು ಲ್ಯಾಮ್ಡಾ 1ರ ಯಾವ ಬದಿಯಲ್ಲಿದ್ದೇವೆಂದು ತಿಳಿಸುತ್ತದೆ. ಎಷ್ಟು ದೂರದಲ್ಲಿದ್ದೇವೆಂದು ತಿಳಿಸುವುದಿಲ್ಲ. ‘ವೈಡ್‌ಬ್ಯಾಂಡ್’ ಸಂವೇದಕ ಆ ದೂರವನ್ನೂ ಅಳೆಯುತ್ತದೆ. ಅದರೊಳಗಿನ ಪುಟ್ಟ ಕೋಣೆಯಲ್ಲಿ ಆಮ್ಲಜನಕದ ಸಮತೋಲ ಕಾಯಲು ಎಷ್ಟು ವಿದ್ಯುತ್ ಬೇಕಾಯಿತೆಂಬುದೇ ಅಳತೆ. ಸ್ವಯಂಚಾಲಿತ ಹೊಂದಾಣಿಕೆಯ ಉಪಕರಣಗಳು ಸಾಮಾನ್ಯವಾಗಿ ಬಳಸುವುದು ಇದನ್ನೇ. ಇದು 700 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕೆಲಸ ಮಾಡುವುದರಿಂದ ಒಳಗೇ ಹೀಟರ್ ಇರುತ್ತದೆ.

ಕೆಲಸ ಮಾಡುವ ಬಗೆ

ಎಂಜಿನ್ ನಿಯಂತ್ರಕವಾದ ಇಸಿಯು, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂಬುದನ್ನು ಕೋಷ್ಟಕವೊಂದರಿಂದ ತಿಳಿಯುತ್ತದೆ. ಕೋಷ್ಟಕದ ಒಂದು ಬದಿಯಲ್ಲಿ ಎಂಜಿನ್ ವೇಗ, ಇನ್ನೊಂದು ಬದಿಯಲ್ಲಿ ಥ್ರಾಟಲ್ ತೆರೆದ ಪ್ರಮಾಣ ಅಥವಾ ಒಳಬರುವ ಗಾಳಿಯ ಒತ್ತಡ ಇರುತ್ತದೆ. ಕಾಲಾವಕಾಶ ಬಹಳ ಕಡಿಮೆ: ನಿಮಿಷಕ್ಕೆ 8000 ಸುತ್ತು ತಿರುಗುವ ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಪೂರ್ಣ ಆವರ್ತಕ್ಕೆ ದೊರೆಯುವುದು 15 ಮಿಲಿಸೆಕೆಂಡು ಮಾತ್ರ. ಸರಾಗವಾಗಿ ಗಾಳಿ ಬಿಡುವ ಸೈಲೆನ್ಸರ್ ಅಥವಾ ಫಿಲ್ಟರ್ ಹಾಕಿದಾಗ ಒಳಹೋಗುವ ಗಾಳಿ ಬದಲಾಗಿ, ಕೋಷ್ಟಕದ ಲೆಕ್ಕ ಹಳತಾಗುತ್ತದೆ.

ಪವರ್ ಕಮಾಂಡರ್ ಇಸಿಯು ಮತ್ತು ಇಂಜೆಕ್ಟರ್‌ಗಳ ನಡುವೆ ಕುಳಿತು ಆ ಅವಧಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಥಂಡರ್‌ಮ್ಯಾಕ್ಸ್ ಮೂಲ ಇಸಿಯುವಿನ ಸ್ಥಾನವನ್ನೇ ಪಡೆಯುತ್ತದೆ. ಎರಡರಲ್ಲೂ ಗುರಿ ಅನುಪಾತಗಳ ಪ್ರತ್ಯೇಕ ಕೋಷ್ಟಕವಿರುತ್ತದೆ. ಒಂದು ಮನೆಯಲ್ಲಿ ಗುರಿ 13.0 ಇದ್ದು ಸಂವೇದಕ 14.3 ತೋರಿಸಿದರೆ, ಅಲ್ಲಿ ಪೆಟ್ರೋಲನ್ನು ಶೇ. 10ರಷ್ಟು ಹೆಚ್ಚಿಸಬೇಕೆಂದು ಲೆಕ್ಕ. ಈ ತಿದ್ದುಪಡಿಗಳು ಮೊದಲು ಬೇರೆಯಾಗಿ ದಾಖಲಾಗುತ್ತವೆ. ಪವರ್ ಕಮಾಂಡರ್‌ನಲ್ಲಿ ಸವಾರನು ಅವನ್ನು ಪರಿಶೀಲಿಸಿ ಮೂಲ ಕೋಷ್ಟಕಕ್ಕೆ ಸೇರಿಸಬಹುದು.

ಅನಿಲವು ಸಿಲಿಂಡರ್‌ನಿಂದ ಸಂವೇದಕಕ್ಕೆ ತಲುಪಲು ಸ್ವಲ್ಪ ಸಮಯ ಹಿಡಿಯುತ್ತದೆ. ಆಕ್ಸಲರೇಟರ್ ಅನ್ನು ಮೇಲಿಂದ ಮೇಲೆ ತಿರುಗಿಸುತ್ತಿದ್ದರೆ ಒಂದು ಮನೆಯ ಅಳತೆ ಮತ್ತೊಂದರ ಖಾತೆಗೆ ಹೋಗಿಬಿಡುತ್ತದೆ. ಆದ್ದರಿಂದ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಬೇರೆ ಬೇರೆ ಗೇರ್‌ಗಳಲ್ಲಿ, ಏರಿನಲ್ಲೂ ಸಮತಟ್ಟಿನಲ್ಲೂ ಸ್ಥಿರ ವೇಗದಲ್ಲಿ ಓಡಿಸುವುದು ಕ್ರಮ. ಓಡಿಸದ ಮನೆಗಳನ್ನು ಉಪಕರಣ ಕಲಿಯುವುದಿಲ್ಲ. ಕೆಲವೇ ಕ್ಷಣ ತಲುಪಿದ ಮನೆಯೊಂದರಲ್ಲಿ ನೆರೆಯ ಮನೆಗಳಿಗಿಂತ ತೀರ ಭಿನ್ನ ಸಂಖ್ಯೆ ಕಂಡರೆ ಅದನ್ನು ಸಂಶಯದಿಂದ ನೋಡುವುದೇ ಲೇಸು.

ಕಾರ್ಖಾನೆಯ ನ್ಯಾರೋಬ್ಯಾಂಡ್ ತಿದ್ದುಪಡಿ ಜೀವಂತವಾಗಿದ್ದರೆ ಎರಡು ನಿಯಂತ್ರಕಗಳು ಒಂದನ್ನೊಂದು ಎಳೆದಾಡುತ್ತವೆ. ಒಂದು 13.5ಕ್ಕೆ ಒಯ್ದದ್ದನ್ನು ಇನ್ನೊಂದು 14.7ಕ್ಕೆ ಮರಳಿ ತರುತ್ತದೆ. ಹೀಗಾಗಿ ಮೂಲ ಸಂವೇದಕವನ್ನು ಸಾಮಾನ್ಯವಾಗಿ ನಿಷ್ಕ್ರಿಯಗೊಳಿಸಲಾಗುತ್ತದೆ.

ತಪ್ಪು ಅಳತೆ

ಸಂವೇದಕ ಅಳೆಯುವುದು ಆಮ್ಲಜನಕವನ್ನು. ಅದು ಎಲ್ಲಿಂದ ಬಂತೆಂದು ಅದಕ್ಕೆ ತಿಳಿಯದು. ಸಿಲಿಂಡರ್ ಮತ್ತು ಎಕ್ಸಾಸ್ಟ್ ಪೈಪ್ ಕೂಡುವಲ್ಲಿ ಗ್ಯಾಸ್ಕೆಟ್ ಸೋರುತ್ತಿದ್ದರೆ ಹೊರಗಿನ ಗಾಳಿ ಒಳಸೇರಿ, ಸರಿಯಿದ್ದ ಮಿಶ್ರಣವೂ ಲೀನ್ ಎಂದು ಕಾಣುತ್ತದೆ. ಗಿಡ್ಡ ಪೈಪ್‌ಗಳಲ್ಲಿ ಐಡ್ಲಿಂಗ್ ವೇಳೆ ತುದಿಯಿಂದಲೇ ಗಾಳಿ ಹಿಮ್ಮುಖವಾಗಿ ನುಗ್ಗಿ ಇದೇ ಭ್ರಮೆ ಹುಟ್ಟಿಸುತ್ತದೆ.

ಇನ್ನೂ ವಿಚಿತ್ರವಾದುದು ಕಿಡಿ ತಪ್ಪಿದಾಗಿನ ಸ್ಥಿತಿ. ಅತಿ ರಿಚ್ ಮಿಶ್ರಣದಿಂದ ಪ್ಲಗ್ ಒದ್ದೆಯಾಗಿ ಕಿಡಿ ತಪ್ಪಿತೆನ್ನೋಣ. ಉರಿಯದ ಪೆಟ್ರೋಲಿನ ಜೊತೆಗೆ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ. ಸಂವೇದಕ ಅದನ್ನು ಲೀನ್ ಎಂದು ಓದುತ್ತದೆ, ಉಪಕರಣ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ, ದೋಷ ಬೆಳೆಯುತ್ತದೆ. ಇದಕ್ಕಾಗಿಯೇ ತಿದ್ದುಪಡಿಯ ಗರಿಷ್ಠ ಮಿತಿಯನ್ನು ಮೊದಲೇ ಗೊತ್ತುಪಡಿಸುವ ಅವಕಾಶ ನೀಡಲಾಗಿದೆ. ಹೊಂದಾಣಿಕೆಗೆ ಮುನ್ನ ಸೋರಿಕೆ, ಪ್ಲಗ್, ವಾಲ್ವ್ ಅಂತರ ಮತ್ತು ಇಂಧನದ ಒತ್ತಡ ಪರೀಕ್ಷಿಸದೆ ಉಪಕರಣ ಜೋಡಿಸುವುದು ವ್ಯರ್ಥ.

ಸಂವೇದಕವನ್ನು ಪೈಪ್‌ನ ಮೇಲ್ಭಾಗದಲ್ಲಿ, ತುದಿ ಕೆಳಮುಖವಾಗಿರುವಂತೆ ಕೂರಿಸಬೇಕು. ಇಲ್ಲದಿದ್ದರೆ ಪೈಪ್‌ನಲ್ಲಿ ತಂಗಿದ ನೀರು ಕಾದ ಪಿಂಗಾಣಿಗೆ ತಾಗಿ ಅದು ಸೀಳುತ್ತದೆ. ಸಿಲಿಕೋನ್ ಅಂಟಿನ ಆವಿ ಮತ್ತು ಸೀಸ ಬೆರೆತ ಇಂಧನ ಎರಡೂ ಅದನ್ನು ಕೆಡಿಸುತ್ತವೆ.

ಎಥೆನಾಲ್ ಮಿಶ್ರಿತ ಪೆಟ್ರೋಲು

ಶೇ. 20 ಎಥೆನಾಲ್ ಇರುವ ಇ20 ಪೆಟ್ರೋಲು ಭಾರತದಲ್ಲಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾಯಿತು. ಎಥೆನಾಲ್‌ನ ಆದರ್ಶ ಅನುಪಾತ ಸುಮಾರು 9:1 ಆದ್ದರಿಂದ ಇ20ರದ್ದು 13.5:1ರ ಸಮೀಪಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿಗೆ ಸುಮಾರು ಶೇ. 8ರಷ್ಟು ಹೆಚ್ಚು ಇಂಧನ ಬೇಕು. ವೈಡ್‌ಬ್ಯಾಂಡ್ ಸಂವೇದಕ ವಾಸ್ತವದಲ್ಲಿ ಅಳೆಯುವುದು ಲ್ಯಾಮ್ಡಾವನ್ನು. ಪರದೆಯ ಅಂಕಿ ಅದನ್ನು 14.7ರಿಂದ ಗುಣಿಸಿ ಬಂದದ್ದು. ಇ20 ತುಂಬಿಸಿದಾಗ ಪರದೆಯಲ್ಲಿ 14.7 ಕಂಡರೂ ನಿಜವಾದ ಅನುಪಾತ 13.5 ಆಗಿರುತ್ತದೆ. ಪೆಟ್ರೋಲಿಗೆ ಹೊಂದಿಸಿದ ಗುರಿ ಕೋಷ್ಟಕವನ್ನು ಇ20ಗಾಗಿ ಮತ್ತೆ ಇಳಿಸಿದರೆ ಮಿಶ್ರಣ ಅನಗತ್ಯವಾಗಿ ರಿಚ್ ಆಗುತ್ತದೆ. ಗುರಿಗಳನ್ನು ಲ್ಯಾಮ್ಡಾದಲ್ಲೇ ಬರೆದುಕೊಂಡರೆ ಈ ಗೊಂದಲವಿಲ್ಲ.

ಕಾನೂನು

ಅಮೆರಿಕದಲ್ಲಿ ಮಾಲಿನ್ಯ ನಿಯಂತ್ರಣವನ್ನು ತಪ್ಪಿಸುವ ಉಪಕರಣಗಳ ಮಾರಾಟವನ್ನು ಶುದ್ಧ ಗಾಳಿ ಕಾಯ್ದೆ ನಿಷೇಧಿಸುತ್ತದೆ. ಸುಮಾರು 3,40,000 ‘ಸೂಪರ್ ಟ್ಯೂನರ್’ ಉಪಕರಣಗಳ ವಿಷಯದಲ್ಲಿ 2016ರ ಆಗಸ್ಟ್‌ನಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಹಾರ್ಲೆ-ಡೇವಿಡ್‌ಸನ್ ಅವುಗಳ ಮಾರಾಟ ನಿಲ್ಲಿಸಿ, 1.2 ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. ಭಾರತದಲ್ಲಿ ನೋಂದಣಿ ಪತ್ರದಲ್ಲಿನ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಹೊಗೆ ಮತ್ತು ಶಬ್ದದ ಮಿತಿ ಮೀರಿದ ವಾಹನವನ್ನು ರಸ್ತೆಯಲ್ಲಿ ಓಡಿಸುವುದು 190ನೇ ಕಲಮಿನ ಅಡಿ ಅಪರಾಧ.