1,500 ಗಂಟೆಗಳ ನಿಘಂಟು

ನಿಘಂಟು ಎಂದರೆ ಪದಗಳಿಗೆ ಅರ್ಥ ಕೊಡುವ ದಪ್ಪ ಪುಸ್ತಕವೆಂದು ನೀವು ಬಲ್ಲಿರಿ. ಗಣಕಯಂತ್ರಕ್ಕಾಗಿ ಬರೆದ ಒಂದು ನಿಘಂಟಿನ ಕೆಲಸ ಬೇರೆಯೇ ಆಗಿತ್ತು: ಸುದ್ದಿಯ ವಾಕ್ಯದಲ್ಲಿ ಏಟು ಕೊಟ್ಟವರು ಯಾರು, ತಿಂದವರು ಯಾರು ಎಂದು ತೋರಿಸುವುದು.

1992ರಲ್ಲಿ ಅಮೆರಿಕದಲ್ಲಿ, ಯಂತ್ರಗಳು ಬರಹವನ್ನು ಎಷ್ಟು ಗ್ರಹಿಸುತ್ತವೆಂದು ಅಳೆಯುವ ಪರೀಕ್ಷೆಯೊಂದು ನಡೆಯಿತು. ಲ್ಯಾಟಿನ್ ಅಮೆರಿಕದ ಭಯೋತ್ಪಾದನೆಯ ವರದಿಗಳನ್ನು ಓದಿ ಘಟನೆ ಎಲ್ಲಿ, ದಾಳಿಕೋರರು ಯಾರು, ಬಲಿಯಾದವರು ಯಾರು ಎಂಬ ಕೋಷ್ಟಕ ತುಂಬಬೇಕು. ಹೆಸರು ಅದಲುಬದಲಾದರೆ ಸತ್ತವನೇ ಕೊಲೆಗಾರನಾಗಿಬಿಡುತ್ತಾನೆ!

ಕನ್ನಡದಲ್ಲಿ 'ಮೇಯರನ್ನು ಅಪಹರಿಸಿದರು' ಎಂದಾಗ 'ಅನ್ನು' ಪ್ರತ್ಯಯವೇ ಗುಟ್ಟು ಬಿಟ್ಟುಕೊಡುತ್ತದೆ. ಇಂಗ್ಲಿಷಿನ ನಾಮಪದಕ್ಕೆ ಆ ಬಾಲವಿಲ್ಲ. 'ಕಿಡ್‌ನ್ಯಾಪ್ಡ್' ಎಂಬುದಕ್ಕಿಂತ ಮೊದಲು ಬರುವವನು ಅಪಹರಣಕಾರ. 'ವಾಸ್ ಕಿಡ್‌ನ್ಯಾಪ್ಡ್' ಎಂದಿದ್ದರೆ ಮೊದಲು ಬರುವವನೇ ಅಪಹೃತ. ಇಂಥ ಒಂದೊಂದು ಬಗೆಗೂ ನಿಘಂಟಿನಲ್ಲಿ ಒಂದೊಂದು ನಮೂದು. ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡ ಅದನ್ನು ಕೈಯಿಂದಲೇ ಬರೆಯಿತು. ಹಿಡಿದದ್ದು ಸುಮಾರು 1,500 ಗಂಟೆಗಳ ದುಡಿಮೆ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿ ನೋಡಿ! ಬಾಂಬಿನ ಬದಲು ಬ್ಯಾಂಕಿನ ಸುದ್ದಿ ಬಂದರೆ ಮತ್ತೆ ಮೊದಲಿನಿಂದ.

ಅದೇ ವಿಶ್ವವಿದ್ಯಾಲಯದ ಎಲೆನ್ ರಿಲೋಫ್ 1993ರಲ್ಲಿ ಬೇರೊಂದು ದಾರಿ ತೋರಿಸಿದರು. ಮನುಷ್ಯರು ಮೊದಲೇ ತುಂಬಿಟ್ಟ ಮಾದರಿ ಉತ್ತರಗಳು ಹೇಗೂ ಇದ್ದವು. ಅವರ 'ಆಟೋಸ್ಲಾಗ್' ಉತ್ತರದಲ್ಲಿದ್ದ ಹೆಸರನ್ನು ವರದಿಯಲ್ಲಿ ಹುಡುಕಿ, ಅದರ ಸುತ್ತಲಿನ ಪದಗಳನ್ನು ನೋಡಿ, ನಮೂದನ್ನು ತಾನೇ ಸೂಚಿಸುತ್ತಿತ್ತು. ಹೀಗೆ ಸೂಚಿಸಿದ್ದು 1,237. ಎಲ್ಲವೂ ಸರಿಯೇ? ಖಂಡಿತ ಇಲ್ಲ. ಒಂದು ವರದಿಯಲ್ಲಿ ಮಗುವನ್ನು ಒಯ್ದರು ಎನ್ನಲು 'ಟುಕ್' ಎಂಬ ಪದವಿತ್ತು. ಯಂತ್ರ ಅದನ್ನೇ ಹಿಡಿದು, 'ಟುಕ್' ಆದ ಮೇಲೆ ಬಂದದ್ದೆಲ್ಲ ಬಲಿ ಎಂದಿತು. ಹಾಗಾದರೆ ರೋಗಿ ತೆಗೆದುಕೊಂಡ ಮಾತ್ರೆಯೂ ಬಲಿಯೇ! ಇಂಥವನ್ನು ಒಬ್ಬ ಮನುಷ್ಯ ಕುಳಿತು ಬೇರ್ಪಡಿಸಿದಾಗ 450 ಉಳಿದವು. ಅದಕ್ಕೆ ಹಿಡಿದದ್ದು ಐದು ಗಂಟೆ. ಕೈಬರಹದ ನಿಘಂಟಿನ ಸಾಧನೆಯಲ್ಲಿ ಶೇಕಡ 98ರಷ್ಟು ಇದಕ್ಕೂ ದಕ್ಕಿತು. ಗಂಟೆಗಟ್ಟಲೆ ಚಿತ್ರೀಕರಿಸಿ ಅರ್ಧ ಗಂಟೆ ಉಳಿಸಿಕೊಳ್ಳುವ ನಮ್ಮ ಸಂಕಲನ ಕೊಠಡಿ ನನಗಿಲ್ಲಿ ನೆನಪಾಗುತ್ತದೆ.

ಆದರೆ ಆ ಮಾದರಿ ಉತ್ತರಗಳನ್ನು ಬರೆದವರ ಶ್ರಮ ಈ ಐದು ಗಂಟೆಯಲ್ಲಿ ಸೇರಿಲ್ಲ, ಗಮನಿಸಿದಿರಾ? 1996ರಲ್ಲಿ ರಿಲೋಫ್ ಅದನ್ನೂ ಕೈಬಿಟ್ಟರು. ವಿಷಯಕ್ಕೆ ಸೇರಿದ ವರದಿಗಳ ಒಂದು ಕಟ್ಟು, ಸೇರದವುಗಳ ಇನ್ನೊಂದು ಕಟ್ಟು, ಇಷ್ಟು ಕೊಟ್ಟರೆ ಸಾಕು. ಮೊದಲನೆಯ ಕಟ್ಟಿನಲ್ಲೇ ಹೆಚ್ಚಾಗಿ ಕಾಣುವ ಮಾದರಿಗಳನ್ನು ಯಂತ್ರ ಪಟ್ಟಿಯ ಮೇಲ್ಭಾಗಕ್ಕೆ ತರುತ್ತಿತ್ತು. ಆ ಪಟ್ಟಿಯ ಮೊದಲ 1,970 ಸಾಲುಗಳನ್ನು ಮಾತ್ರ ಮನುಷ್ಯನೇ ಓದಬೇಕಾಯಿತು. 85 ನಿಮಿಷಗಳಲ್ಲಿ ಓದಿ ಮುಗಿಸಿದಾಗ ಉಳಿದದ್ದು 210.