ಚೀನಾದ ಶೌಚ ವ್ಯವಸ್ಥೆ

ಚೀನಾದ ಶೌಚ ವ್ಯವಸ್ಥೆಯು ಮಲಮೂತ್ರವನ್ನು ಸಂಗ್ರಹಿಸಿ, ಬಹುಕಾಲ ಹೊಲಗದ್ದೆಗಳಿಗೆ ಗೊಬ್ಬರವಾಗಿ ಸಾಗಿಸಿದ ಪದ್ಧತಿ. ಹಾನ್ ರಾಜವಂಶದ (ಕ್ರಿ.ಪೂ. 206–ಕ್ರಿ.ಶ. 220) ಗೋರಿಗಳಲ್ಲಿ ದೊರೆತ ಮಣ್ಣಿನ ಮಾದರಿಗಳಲ್ಲಿ ಪಾಯಿಖಾನೆ ಹಂದಿದೊಡ್ಡಿಗೆ ಅಂಟಿಕೊಂಡೇ ಇದೆ: ಮೇಲೆ ಪುಟ್ಟ ಕೋಣೆ, ಕೆಳಗೆ ಹಂದಿ. ಶೌಚಕ್ಕೆ ಕಾಗದ ಬಳಸುತ್ತಿದ್ದುದಕ್ಕೆ 6ನೆಯ ಶತಮಾನದ ವಿದ್ವಾಂಸ ಯಾನ್ ಝಿತುಯಿಯ ಬರಹ ಸಾಕ್ಷಿ. ನಗರದ ಮನೆಗಳ ಮರದ ಶೌಚಪಾತ್ರೆಗಳನ್ನು ಬೆಳಗಿನ ಜಾವ ಖಾಲಿ ಮಾಡಲಾಗುತ್ತಿತ್ತು. ಆಗ ಮಲವು ಕಸವಲ್ಲ, ಬೆಲೆಯುಳ್ಳ ಸರಕಾಗಿತ್ತು. 1908ರಲ್ಲಿ ಶಾಂಘೈನ ವಿದೇಶಿ ವಸಾಹತು 78,000 ಟನ್ ಮಲ ಸಾಗಿಸುವ ಹಕ್ಕನ್ನು ಗುತ್ತಿಗೆದಾರನೊಬ್ಬನಿಗೆ 31,000 ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಿತೆಂದು ಅಮೆರಿಕದ ಕೃಷಿವಿಜ್ಞಾನಿ ಎಫ್.ಎಚ್. ಕಿಂಗ್ ದಾಖಲಿಸಿದ್ದಾರೆ. ಆದರೆ ಹಸಿ ಮಲದಿಂದ ಜಂತುಹುಳುವಿನ ಬಾಧೆಯೂ ಹರಡಿತು. 1952ರಲ್ಲಿ ದೇಶವ್ಯಾಪಿ ನೈರ್ಮಲ್ಯ ಆಂದೋಲನ ಆರಂಭವಾಯಿತು. ಶೌಚಾಲಯಗಳನ್ನು ಸುಧಾರಿಸುವ 2015ರ ‘ಶೌಚಾಲಯ ಕ್ರಾಂತಿ’ ಅಭಿಯಾನವು ಪ್ರವಾಸಿ ತಾಣಗಳಿಂದ ಶುರುವಾಗಿ ಹಳ್ಳಿಗಳಿಗೆ ವಿಸ್ತರಿಸಿತು.