ಗಾಳಿ ತಂದವರು

ಐರ್ಲೆಂಡಿನ ಸಣ್ಣ ಊರುಗಳಲ್ಲಿ ಹೊರಗಿನಿಂದ ಬಂದು ನೆಲೆಸಿದವರಿಗೆ ಒಂದು ಹೆಸರಿದೆ: ‘ಬ್ಲೋ-ಇನ್’. ಗಾಳಿಗೆ ಹಾರಿ ಬಂದು ಬಿದ್ದವರು ಎಂದರ್ಥ. ಅಪರೂಪಕ್ಕೆ ಮನೆಗೆ ಬಂದವರನ್ನು ನಾವು ‘ಯಾವ ಗಾಳಿ ಬೀಸ್ತು ಈ ಕಡೆ?’ ಎಂದು ಕೇಳುತ್ತೇವಲ್ಲ, ಹೆಚ್ಚುಕಡಿಮೆ ಅದೇ ಗಾಳಿ. ವ್ಯತ್ಯಾಸ ಇಷ್ಟೇ: ನಮ್ಮ ನೆಂಟರು ಕಾಫಿ ಕುಡಿದು ಹೊರಡುತ್ತಾರೆ. ಅಲ್ಲಿಯವರು ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಮೊಮ್ಮಕ್ಕಳನ್ನು ಕಂಡರೂ ಬ್ಲೋ-ಇನ್ ಆಗಿಯೇ ಉಳಿಯುತ್ತಾರೆ.

ಈ ಮಾತಿಗೆ ಪಾಸ್‌ಪೋರ್ಟಿನ ಗೊಡವೆಯಿಲ್ಲ. ಪಕ್ಕದ ಕೌಂಟಿಯಿಂದ ಮದುವೆಯಾಗಿ ಬಂದವಳೂ ಬ್ಲೋ-ಇನ್ನೇ, ಡಬ್ಲಿನ್ನಿನಿಂದ ಬಂದ ಮೇಷ್ಟರೂ ಬ್ಲೋ-ಇನ್ನೇ. ಅದು ಕೇಳುವುದು ನಮ್ಮ ಹಳ್ಳಿಕಟ್ಟೆಯ ಪ್ರಶ್ನೆಯನ್ನೇ: ‘ನೀನು ಯಾರ ಪೈಕಿ?’ ಮಲೆನಾಡಿನ ತೋಟಗಳಲ್ಲಿ ಕರಾವಳಿಯಿಂದ ಬಂದವರ ಮಕ್ಕಳು, ಘಟ್ಟ ಇಳಿದು ಸಮುದ್ರವನ್ನೇ ನೋಡದಿದ್ದರೂ, ‘ಘಟ್ಟದ ಕೆಳಗಿನವರು’ ಎನಿಸಿಕೊಳ್ಳುವುದಿಲ್ಲವೇ? ಹಾಗೆ.

ಊರು ಬಿಟ್ಟು ಹೋದವರನ್ನೂ ಈ ನಾಮಕರಣ ಬಿಟ್ಟಿಲ್ಲ. ಅಮೆರಿಕದಲ್ಲಿ ದುಡಿದು ಮರಳಿದವರು ಐರ್ಲೆಂಡಿನಲ್ಲಿ ‘ರಿಟರ್ನ್ಡ್ ಯಾಂಕ್’ ಆಗುತ್ತಾರೆ, ನಮ್ಮ ಕರಾವಳಿಯಲ್ಲಿ ಹೋಟೆಲು ಮಾಡಿ ಬಂದವರು ‘ಬೊಂಬಾಯಿಯವರು’ ಆದಂತೆ.

‘ಬ್ಲೋ-ಇನ್’ ಪದದ ನಿಜವಾದ ಪರೀಕ್ಷೆ ನಡೆಯುವುದು ಮೇಯೋ ಕೌಂಟಿಯ ಬ್ಯಾಲಿಹಾನಿಸ್‌ನಂಥ ಊರಿನಲ್ಲಿ. ತಲೆಮಾರುಗಳ ಕಾಲ ತನ್ನ ಮಕ್ಕಳನ್ನು ಇಂಗ್ಲೆಂಡಿಗೂ ಅಮೆರಿಕಕ್ಕೂ ಕಳಿಸಿಕೊಟ್ಟ ಸೀಮೆ ಅದು. 1970ರ ದಶಕದಲ್ಲಿ ಪಾಕಿಸ್ತಾನಿ ಮೂಲದ ಉದ್ಯಮಿಯೊಬ್ಬರು ಇಲ್ಲಿ ಹಲಾಲ್ ಮಾಂಸದ ಕಾರ್ಖಾನೆ ತೆರೆದರು. ಕೆಲಸಗಾರರು ಬಂದರು, ಹಿಂದೆಯೇ ಸಂಸಾರಗಳು. 1987ರಲ್ಲಿ ಮಸೀದಿ ಎದ್ದಿತು. ಆಮೇಲೆ ಪೂರ್ವ ಯುರೋಪಿನವರು ಬಂದರು. ಆಶ್ರಯ ಕೋರಿ ಬಂದವರಿಗೆ ಹಳೆಯ ಕಾನ್ವೆಂಟಿನಲ್ಲಿ ಜಾಗ ಸಿಕ್ಕಿತು. 2016ರ ಜನಗಣತಿಯ ಹೊತ್ತಿಗೆ ಎರಡು ಸಾವಿರ ಚಿಲ್ಲರೆ ಜನರ ಈ ಊರಿನಲ್ಲಿ ನೂರಕ್ಕೆ 39.5 ಮಂದಿ ಐರಿಷ್ ಪೌರತ್ವ ಇಲ್ಲದವರು. ದೇಶದ ಪಟ್ಟಣಗಳಲ್ಲೇ ಅದು ಮೊದಲನೆಯದು.

ಮೇಯೋದಲ್ಲಿ ಗೇಲಿಕ್ ಫುಟ್‌ಬಾಲ್‌ ಅಂದರೆ ಪ್ರಾಣ, ಬ್ಯಾಲಿಹಾನಿಸ್‌ನವರಿಗೆ ಮಾತ್ರ ಹರ್ಲಿಂಗ್ ಆಟದ ಹುಚ್ಚು. ಆಶ್ ಮರದ ಚಪ್ಪಟೆ ತುದಿಯ ಕೋಲು, ಅಂಗೈಯಲ್ಲಿ ಹಿಡಿಸುವ ಗಟ್ಟಿ ಚೆಂಡು, ತಲೆಗೆ ಹೆಲ್ಮೆಟ್. ಹೆಲ್ಮೆಟ್‌ನೊಳಗಿನ ಮುಖದ ಮನೆಮಾತು ಉರ್ದುವೂ ಆಗಿರಬಹುದು, ಅರಬ್ಬಿಯೂ ಆಗಿರಬಹುದು; ‘ಇತ್ತ ಹೊಡಿ’ ಎಂದು ಕೂಗುವ ಇಂಗ್ಲಿಷಿನ ರಾಗ ಮಾತ್ರ ಅಪ್ಪಟ ಮೇಯೋದ್ದು. ಇಂಥ ಹುಡುಗನೊಬ್ಬ ಬೇರೆ ಊರಿಗೆ ಹೋದರೆ ನಡೆಯುವ ಸಂಭಾಷಣೆ ಗೊತ್ತಿರುವಂಥದ್ದೇ. ‘ಎಲ್ಲಿಯವನಪ್ಪಾ?’ ‘ಬ್ಯಾಲಿಹಾನಿಸ್.’ ‘ಅದು ಸರಿ, ನಿಜವಾಗಿ ಎಲ್ಲಿಯವನು?’

ಇವನ ಅಪ್ಪ-ಅಮ್ಮಂದಿರಿಗೆ ಸರ್ಕಾರವೂ ಒಂದು ಹೆಸರು ಕೊಟ್ಟಿತ್ತು. 2004ರ ವಲಸೆ ಕಾಯ್ದೆಯಲ್ಲಿ ಅವರು ‘ನಾನ್-ನ್ಯಾಷನಲ್’, ಯಾವ ರಾಷ್ಟ್ರಕ್ಕೂ ಸೇರದವರೇನೋ ಎಂಬಂತೆ. ಅದೇ ವರ್ಷದ ಜನಮತಗಣನೆಯ ನಂತರ, ಐರ್ಲೆಂಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದೂ ನಿಂತಿತು.

ಹಾಗಾಗಿ ‘ಬ್ಲೋ-ಇನ್’ ಎಂಬುದರ ತೂಕ ಕೇಳುವವರ ಕಿವಿಯ ಮೇಲೆ ನಿಂತಿದೆ. ಡಬ್ಲಿನ್ನಿನ ಮೇಷ್ಟರಿಗೆ ಅದು ಕೊಂಕು. ಇಷ್ಟು ವರ್ಷ ಇದ್ದೂ ನಮ್ಮವನಾಗಲಿಲ್ಲ ಎಂಬ ದೂರು. ‘ಫಾರಿನರ್’, ‘ನಾನ್-ನ್ಯಾಷನಲ್’ ಎಂದೆಲ್ಲ ಕರೆಸಿಕೊಂಡವರಿಗೆ ಅದೇ ಬಡ್ತಿ, ಏಕೆಂದರೆ ಆ ಸಾಲಿನಲ್ಲಿ ಅವರ ಪಕ್ಕ ಮೇಷ್ಟರೂ ನಿಂತಿದ್ದಾರೆ. ಒಂದು ಊರು ಹೊಸಬರನ್ನು ಎಷ್ಟು ಒಳಗೆ ಬಿಟ್ಟುಕೊಂಡಿದೆ ಎಂದು ತಿಳಿಯಲು ಜನಗಣತಿ ಸಾಲದು. ಲಾಹೋರಿನಿಂದ ಬಂದವರ ಬೆನ್ನ ಹಿಂದೆ ಯಾವ ಪದ ಬಳಕೆಯಲ್ಲಿದೆ ಎಂಬುದನ್ನೂ ಕೇಳಿಸಿಕೊಳ್ಳಬೇಕು. ಅದು ‘ಬ್ಲೋ-ಇನ್’ ಆಗಿದ್ದರೆ, ಅರ್ಧ ದಾರಿ ಸಾಗಿದೆ.